ಓದುವ ಹುಡುಗನ ದುಡಿಮೆ



ಹೊನ್ನವಳ್ಳಿ ಸೀಮೆಯಲ್ಲಿ ಕಾಯಿಗೆ ಒಂದು ಪಂಚಾಂಗ, ಕಾಲೇಜಿಗೆ ಇನ್ನೊಂದು. ಮರದಿಂದ ಇಳಿದ ಬಲಿತ ಕಾಯಿ ಮಟ್ಟೆಸಮೇತ ಅಟ್ಟ ಸೇರುತ್ತದೆ. ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಟ್ಟು, ಅಲ್ಲಾಡಿಸಿದರೆ ಗಲಗಲ ಎನ್ನುವ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೆರಡು ತಿಂಗಳು ಬೇಕು. ಅನಂತರ ಅದು ತಿಪಟೂರಿನ ಮಾರುಕಟ್ಟೆಗೆ ಹೋಗಬೇಕು, ಧಾರಣೆ ಕೈಹಿಡಿಯಬೇಕು. ಫೀಸು ಕಟ್ಟುವ ಕೊನೆಯ ದಿನ ಮಾತ್ರ ಅಟ್ಟದ ಕಾಯಿಗಾಗಿ ಕಾಯುವುದಿಲ್ಲ. ತೋಟವಿದ್ದವರ ಮನೆಯ ಪಾಡೇ ಇದು. ತೋಟವಿಲ್ಲದವರ ಮಾತು ಬೇರೆ ಹೇಳಬೇಕಾಗಿಲ್ಲ. ಈ ಎರಡು ಪಂಚಾಂಗಗಳ ನಡುವಿನ ಅಂತರವನ್ನು ಈ ಕಡೆಯ ವಿದ್ಯಾರ್ಥಿ ಬಹುಮಟ್ಟಿಗೆ ತನ್ನ ಮೈಮುರಿದೇ ತುಂಬಿಕೊಂಡು ಬಂದಿದ್ದಾನೆ. ರಜೆಯಲ್ಲಿ ಕಾಯಿ ಸುಲಿದಿದ್ದಾನೆ, ಕರಟ ಒಡೆದಿದ್ದಾನೆ, ಉಂಡೆಗಳನ್ನು ಗಾತ್ರ ನೋಡಿ ಬೇರ್ಪಡಿಸಿ ಚೀಲ ತುಂಬಿದ್ದಾನೆ. ವಿಚಿತ್ರವೆಂದರೆ, ಇಷ್ಟೆಲ್ಲ ಮಾಡಿದರೂ ಅವನು ದುಡಿದ ಎಂದು ಯಾರೂ ಹೇಳುವುದಿಲ್ಲ. ‘ಓದ್ತಾ ಇದಾನೆ, ಮನೇಲಿ ಒಂದಿಷ್ಟು ಕೈಹಾಕ್ತಾನೆ’ ಎನ್ನುತ್ತಾರೆ, ಅಷ್ಟೆ.

ಓದುವವನ ದುಡಿಮೆಗೆ ನಮ್ಮಲ್ಲಿ ದುಡಿಮೆ ಎಂಬ ಹೆಸರೇ ಇರಲಿಲ್ಲ. ಇದ್ದ ಹೆಸರುಗಳು ಬೇರೆ.

ಅವುಗಳಲ್ಲಿ ಮೊದಲನೆಯದು ವಾರಾನ್ನ. ಊರುಬಿಟ್ಟು ಪಟ್ಟಣಕ್ಕೆ ಓದಲು ಬಂದ ಬಡ ಬ್ರಾಹ್ಮಣ ಹುಡುಗ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳಬೇಕು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಆರೇ ಮನೆ ಸಿಕ್ಕಿದರೆ ಏಳನೆಯ ದಿನ ಏಕಾದಶಿ. ಊಟ ಹಾಕಿದವರಿಗೆ ಅದು ಪುಣ್ಯ, ಉಂಡವನಿಗೆ ಋಣ. ಆದರೆ ಅದೇ ಹುಡುಗ ಆ ಮನೆಗೆ ನೀರು ಸೇದಿ ಹಾಕುತ್ತಿದ್ದ, ಅಂಗಡಿಗೆ ಓಡುತ್ತಿದ್ದ, ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದ. ಲೆಕ್ಕ ಹಾಕಿದರೆ ಅನ್ನಕ್ಕೆ ಸರಿಯಾಗಿ ಕೆಲಸ ಸಂದಿರುತ್ತಿತ್ತು. ಲೆಕ್ಕ ಹಾಕಲಿಲ್ಲ, ಅಷ್ಟೆ. ಹೀಗಾಗಿ ಒಂದು ದಿನ ಆ ಮನೆಯಾಕೆ ‘ಮುಂದಿನ ವಾರದಿಂದ ಬೇಡಪ್ಪ’ ಎಂದರೆ ಅವನು ಕೆಲಸ ಕಳೆದುಕೊಂಡವನಾಗುತ್ತಿರಲಿಲ್ಲ, ಬೇಡವಾದವನಾಗುತ್ತಿದ್ದ. ಕೂಲಿಯಾಳಿಗೆ ಒಂದು ಕಡೆ ಕೆಲಸ ತಪ್ಪಿದರೆ ಇನ್ನೊಂದು ಕಡೆ ಕೇಳುವ ಬಾಯಿ ಇರುತ್ತದೆ. ದಾನ ತಪ್ಪಿದವನಿಗೆ ಆ ಬಾಯಿಯೂ ಕಟ್ಟಿಹೋಗುತ್ತದೆ.

ವಾರಾನ್ನದ ಬಾಗಿಲು ತೆರೆದಿದ್ದುದೂ ಒಂದೇ ಜಾತಿಗೆ. ಮಿಕ್ಕವರಿಗೆ ವಿದ್ಯಾರ್ಥಿ ನಿಲಯಗಳೇ ಗತಿಯಾದವು. ರೈಲು ದಾರಿ 1889ರಲ್ಲಿ ಹರಿಹರದವರೆಗೆ ಪೂರ್ತಿಯಾದ ಮೇಲೆ ಈ ಸೀಮೆಯ ಹುಡುಗನಿಗೆ ಬೆಂಗಳೂರು ಕೈಗೆಟುಕಿತು. ಹೊನ್ನವಳ್ಳಿ ರೋಡ್ ಎಂಬ ನಿಲ್ದಾಣ ಇಂದಿಗೂ ತಿಪಟೂರು ಮತ್ತು ಅರಸೀಕೆರೆಯ ನಡುವೆ ಇದೆ. ಬೆಂಗಳೂರಿನಲ್ಲಿ ಇಳಿದರೆ ನಿಲ್ದಾಣದ ಬಳಿಯಲ್ಲೇ 1903ರಲ್ಲಿ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ, ಅದಕ್ಕೆ ಬಳಿಕ ಸೇರಿದ ವಿದ್ಯಾರ್ಥಿ ನಿಲಯ. ತುಮಕೂರು ಸೀಮೆಯ ವ್ಯಾಪಾರಿಯೊಬ್ಬರು ಗಳಿಸಿದ ಹಣ ಹೀಗೆ ಓದುವವರ ಸೂರಾಯಿತು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ತಂಗಿದ್ದುದು ಅಲ್ಲೇ. ಅದಕ್ಕೂ ಮುಂಚೆ ಅವರು ಕೆಲಕಾಲ ಸಿದ್ಧಗಂಗಾ ಮಠದಲ್ಲಿದ್ದು ಓದಿದ ಹುಡುಗ. 1941ರಲ್ಲಿ ಆ ಮಠದ ಹೊಣೆ ಅವರ ಮೇಲೆ ಬಿತ್ತು. 2019ರಲ್ಲಿ, 111ನೆಯ ವಯಸ್ಸಿನಲ್ಲಿ, ಅವರು ತೀರಿಕೊಳ್ಳುವ ಹೊತ್ತಿಗೆ ಎಲ್ಲ ಜಾತಿಗಳ ಸುಮಾರು ಹತ್ತು ಸಾವಿರ ಮಕ್ಕಳು ಅಲ್ಲಿ ಉಂಡು ಓದುತ್ತಿದ್ದರು. ಅಲ್ಲಿ ಮಕ್ಕಳು ಮಾಡುವ ಕೆಲಸಕ್ಕೆ ಸೇವೆ ಎಂದು ಹೆಸರು. ಪಂಕ್ತಿಯಲ್ಲಿ ಬಡಿಸಿದವನೇ ಆಮೇಲೆ ಕೂತು ಉಣ್ಣುತ್ತಾನೆ. ಯಾರೂ ಯಾರಿಗೂ ಋಣಿಯಲ್ಲ. ವಾರಾನ್ನಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ ಎನ್ನಬೇಕು. ದಲಿತ ಹುಡುಗರ ಪಾಲಿಗೆ ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಹೆಸರಿನ ಹಾಸ್ಟೆಲ್ಲು ಇಂಥ ಸೂರಾಯಿತು. ಕವಿ ಸಿದ್ಧಲಿಂಗಯ್ಯನವರು ಬೆಳೆದದ್ದು ಅಲ್ಲಿ.

ಈ ತೆಂಗಿನ ಸೀಮೆಗೆ ಹೊಂದಿಕೊಂಡ ಚನ್ನರಾಯಪಟ್ಟಣ ತಾಲೂಕಿನ ಸಂತೇಶಿವರದಲ್ಲಿ 1931ರಲ್ಲಿ ಹುಟ್ಟಿದ ಹುಡುಗನೊಬ್ಬನ ಕತೆ ಬಹಳ ಜನಕ್ಕೆ ಗೊತ್ತು. ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗು ಕೊಂಡೊಯ್ದಿತು. ಓದಿಗಾಗಿ ಸಿಕ್ಕ ಸಣ್ಣಪುಟ್ಟ ಕೆಲಸಗಳನ್ನೆಲ್ಲ ಮಾಡಿದ. ನಡುವೆ ಓದನ್ನೇ ಬಿಟ್ಟು ಊರೂರು ಅಲೆದ, ಮುಂಬಯಿಯ ರೈಲು ನಿಲ್ದಾಣದಲ್ಲಿ ಹಮಾಲಿಯಾದ, ಸಾಧುಗಳ ಹಿಂದೆ ಹೋದ, ಮತ್ತೆ ಮೈಸೂರಿಗೆ ಬಂದು ಪುಸ್ತಕ ಹಿಡಿದ. ಮೈಸೂರು ವಿಶ್ವವಿದ್ಯಾನಿಲಯದ ತತ್ತ್ವಶಾಸ್ತ್ರದ ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದ ಆ ಹುಡುಗ, ಮುಂದೆ ‘ಗೃಹಭಂಗ’ ಬರೆದ ಎಸ್.ಎಲ್. ಭೈರಪ್ಪ. 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡಾಗ ಹಮಾಲಿ ಕೆಲಸದ ಪ್ರಸ್ತಾಪ ಮತ್ತೆ ಬಂತು. ಹೊಗಳುವವರು ಅದನ್ನು ಕಷ್ಟದ ಪಟ್ಟಿಗೆ ಸೇರಿಸುತ್ತಾರೆ. ಆದರೆ ಹಮಾಲಿಗೂ ವಾರಾನ್ನಕ್ಕೂ ಇರುವ ಅಂತರ ನೋಡಿ. ಹೊರೆ ಹೊತ್ತವನಿಗೆ ಹೊತ್ತ ಹೊರೆಗೆ ತಕ್ಕ ಕಾಸು ಸಿಗುತ್ತದೆ. ಕಾಸು ಕೈಗೆ ಬಿದ್ದ ಮೇಲೆ ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ.

ಇದನ್ನು ಶಿಕ್ಷಣದೊಳಕ್ಕೇ ತಂದವರೂ ಇದ್ದಾರೆ. ಪಕ್ಕದ ಮಹಾರಾಷ್ಟ್ರದಲ್ಲಿ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದ ಭಾವೂರಾವ್ ಪಾಟೀಲರು, 1947ರಲ್ಲಿ ಸಾತಾರೆಯಲ್ಲಿ ತೆರೆದ ಕಾಲೇಜಿನಲ್ಲಿ ಗಳಿಸಿ ಕಲಿಯುವ ಪದ್ಧತಿಯನ್ನೇ ನಡೆಸಿದರು. ಅಮೆರಿಕದಲ್ಲಿ 1964ರ ಕಾನೂನೊಂದರ ಮೂಲಕ ಸರ್ಕಾರವೇ ವಿದ್ಯಾರ್ಥಿಗಳ ಕೆಲಸದ ಸಂಬಳಕ್ಕೆ ಹಣ ಕೊಡಲು ಶುರುಮಾಡಿತು. ಇಂದು ಅಲ್ಲಿಗೆ ವಿದ್ಯಾರ್ಥಿ ವೀಸಾದ ಮೇಲೆ ಹೋಗುವ ನಮ್ಮ ಮಕ್ಕಳು ಪಾಠ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ದುಡಿಯಬಹುದು. ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದೂ ಇದೆ, ಊಟದ ಮನೆಯಲ್ಲಿ ತಟ್ಟೆ ತೊಳೆಯುವುದೂ ಇದೆ. ತಮಾಷೆಯೆಂದರೆ, ಮಗ ಅಲ್ಲಿ ತಟ್ಟೆ ತೊಳೆದರೆ ಫೋನಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವ ಮನೆಯೇ, ಅವನ ತಮ್ಮ ಇಲ್ಲಿ ಹೋಟೆಲಿನಲ್ಲಿ ಮೇಜು ಒರೆಸಿದರೆ ನೆಂಟರಿಂದ ಮುಚ್ಚಿಡುತ್ತದೆ!

ಮುಚ್ಚಿಡುವ ಈ ಅಭ್ಯಾಸದ ಬೆಲೆಯನ್ನು ಹುಡುಗ ತೆರುತ್ತಾನೆ. ಮುಂಜಾವದಲ್ಲಿ ಪೇಪರು ಹಾಕುವುದನ್ನೂ ರಾತ್ರಿ ಅಂಗಡಿಯ ಲೆಕ್ಕ ಬರೆಯುವುದನ್ನೂ ಅವನು ಕಾಲೇಜಿನಲ್ಲಿ ಹೇಳುವುದಿಲ್ಲ. ಮೊದಲ ಗಂಟೆಯ ಪಾಠಕ್ಕೆ ತಡವಾದರೆ ಸೋಮಾರಿ ಎನಿಸಿಕೊಳ್ಳುತ್ತಾನೆ. ಹಾಸ್ಟೆಲ್ ಸೀಟಿನ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ, ಕೆಲಸಕ್ಕೆ ಹಾಕಿದ ಅರ್ಜಿಗೆ ಉತ್ತರ ಬಾರದಿದ್ದರೆ, ಅದು ಸೀಟಿನ ಕೊರತೆ ಎಂದು ಅವನಿಗೆ ತೋರುವುದಿಲ್ಲ. ವಾರಾನ್ನದ ಮನೆಯ ಬಾಗಿಲು ಹಾಕಿಕೊಂಡಂತೆಯೇ ತೋರುತ್ತದೆ. ಹುಡುಗಿಯರ ಪಾಡು ಇನ್ನೂ ಒಂದು ಸುತ್ತು ಹೆಚ್ಚು. ಅವರು ಮನೆಯಲ್ಲಿ ಮಾಡುವುದಕ್ಕೆ ‘ಕೈಹಾಕುವುದು’ ಎಂಬ ಹೆಸರೂ ಇಲ್ಲ.

ಹೀಗೆ ಹೊತ್ತು ಸಾಲದಾದಾಗ ಮೊದಲು ಬಿಟ್ಟುಹೋಗುವುದು ಸಂಜೆಯ ಆಟ. ಪಾಠ ಬಿಟ್ಟರೆ ಹಾಜರಿ ಹೋಗುತ್ತದೆ, ಕೆಲಸ ಬಿಟ್ಟರೆ ಕಾಸು ಹೋಗುತ್ತದೆ, ಆಟ ಬಿಟ್ಟರೆ ಏನೂ ಹೋಗುವುದಿಲ್ಲ ಎಂದು ಎಲ್ಲರೂ ಭಾವಿಸುತ್ತಾರೆ. ತಂಡಕ್ಕೆ ಆಯ್ಕೆಯಾಗುವವರ, ಕ್ರೀಡಾ ಕೋಟಾದಲ್ಲಿ ರೈಲ್ವೆಯಲ್ಲೋ ಪೊಲೀಸಿನಲ್ಲೋ ನೌಕರಿ ಹಿಡಿಯುವವರ ಮಾತಲ್ಲ ಇದು. ಆಯ್ಕೆಯ ಆಸೆಯೇ ಇಲ್ಲದೆ, ಶಾಲೆಯ ಬಯಲಿನಲ್ಲಿ ಎರಡು ಕಂಬಕ್ಕೆ ಬಲೆ ಕಟ್ಟಿ ವಾಲಿಬಾಲ್ ಆಡುವವರ ಮಾತು. ಈ ಸೀಮೆಯ ಊರುಗಳಲ್ಲಿ ಅಂಥ ಆಟಕ್ಕೆ ಖರ್ಚೇನೂ ಇಲ್ಲ. ಖೊ ಖೊಗೆ ಎರಡು ಕಂಬ ಸಾಕು, ಕಬಡ್ಡಿಗೆ ಅದೂ ಬೇಡ, ನೆಲದ ಮೇಲೆ ಗೆರೆ ಎಳೆದರಾಯಿತು.

ಕಬಡ್ಡಿಯಲ್ಲಿ ಒಂದು ನಿಯಮವಿದೆ. ಹೊರಹೋದವನು ಆಟ ಮುಗಿಯುವವರೆಗೆ ಹೊರಗೇ ಉಳಿಯಬೇಕಾಗಿಲ್ಲ. ತನ್ನ ಕಡೆಯವರು ಎದುರಾಳಿಯೊಬ್ಬನನ್ನು ಹೊರಹಾಕಿದರೆ ಇವನು ಒಳಕ್ಕೆ ಬರುತ್ತಾನೆ, ಅದೂ ಯಾರು ಮೊದಲು ಹೋದರೋ ಅವರೇ ಮೊದಲು ಎಂಬ ಸರದಿಯಲ್ಲಿ. ಹೊರಗೆ ಕೂತಿರುವ ಹೊತ್ತಿನಲ್ಲಿ ಅವನನ್ನು ಯಾರೂ ಅಯ್ಯೋ ಎನ್ನುವುದಿಲ್ಲ, ಅವನಿಗೂ ನಾಚಿಕೆಯಿಲ್ಲ. ಗೆರೆಯ ಪಕ್ಕ ಕೂತು ಕೂಗುತ್ತಿರುತ್ತಾನೆ, ಅಷ್ಟೆ. ಬೆಳಿಗ್ಗೆ ಸೂಚನಾ ಫಲಕದ ಮುಂದೆ ತನ್ನ ಹೆಸರಿಲ್ಲದ ಪಟ್ಟಿ ನೋಡಿ ಬಂದ ಹುಡುಗ, ಸಂಜೆ ಅಂಗಡಿಗೆ ಹೋಗುವ ಮುನ್ನ ಅರ್ಧ ಗಂಟೆ ಸಿಕ್ಕರೆ, ಚಪ್ಪಲಿ ಬಿಟ್ಟು ಆ ಗೆರೆಯ ಒಳಕ್ಕೆ ಇಳಿಯುತ್ತಾನೆ. ಎಷ್ಟು ಅಂಕ ಎಂದು ಅಲ್ಲಿ ಕೇಳುವವರಿಲ್ಲ. ಎಷ್ಟು ಔಟು ಎಂದು ಕೇಳುತ್ತಾರೆ.