ಗ್ರಂಥಭಂಡಾರದ ಪೋಷಣೆ



ತಾಳೆಯೋಲೆಯ ಕಟ್ಟನ್ನು ಜಗಲಿಯ ಮೇಲಿಟ್ಟು ವಿಭೂತಿ ಧರಿಸಿ ಪೂಜಿಸುವದು ಭಕ್ತಿಯೇ ಸರಿ. ಆದರೆ ಆ ಕಟ್ಟನ್ನು ಎಂದೂ ಬಿಚ್ಚದಿದ್ದರೆ ಪೂಜೆಯ ಫಲವು ಹುಳುಗಳಿಗೆ ಸಲ್ಲುವದು. ಫ. ಗು. ಹಳಕಟ್ಟಿಯವರು ಇಂಥ ಕಟ್ಟುಗಳನ್ನು ಅರಸಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಯಿಸಿದರು. ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಪುಸ್ತಕಭಂಡಾರಕ್ಕೆ ತಂಜಾವೂರು ಪ್ರಾಂತದ ಪಂಡಿತರೊಬ್ಬರು ಒಪ್ಪಿಸಿದ ಓಲೆಗಳಲ್ಲಿಯೇ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರವು ದೊರೆತು, 1909ರಲ್ಲಿ ಅಚ್ಚಾಯಿತು. ಒಂದು ಮನೆಯ ಸೊತ್ತು ಲೋಕದ ಸೊತ್ತಾಯಿತು.

ಆದರೆ ಕೊಟ್ಟಮಾತ್ರಕ್ಕೆ ಕಾರ್ಯವು ಮುಗಿಯದು. ಓಲೆಗೆ ಕಾಲಕಾಲಕ್ಕೆ ಎಣ್ಣೆ ಸವರಬೇಕು, ಮಾಸಿದ ಅಕ್ಷರಕ್ಕೆ ಮಸಿ ತುಂಬಬೇಕು, ಸೂಚಿಯನ್ನು ಬರೆಯಬೇಕು, ಹಳೆಯ ಲಿಪಿಯನ್ನು ಬಲ್ಲವರನ್ನು ಪೋಷಿಸಬೇಕು. 1965ರ ಕಾಯಿದೆಯ ಮೇರೆಗೆ ಸಲ್ಲುವ ಗ್ರಂಥಾಲಯ ಕರವು ಸಕಲ ವಾಚಕರಿಗಾಗಿ ಇರುವದು. ಈ ವಿಶೇಷ ಸಂಗ್ರಹಗಳ ಭಾರವನ್ನು ಅವುಗಳ ಬೆಲೆಯನ್ನರಿತವರೇ ಹೊರತಕ್ಕದ್ದು.

ಅನ್ನದಾಸೋಹವು ಅಂದಿನ ಹಸಿವನ್ನು ಕಳೆಯುವದು; ಗ್ರಂಥದಾಸೋಹವು ಇನ್ನೂ ಹುಟ್ಟದವರ ಹಸಿವನ್ನು ಕಳೆಯುವದು. ಆದುದರಿಂದ ಕಟ್ಟುಳ್ಳವರು ಕಟ್ಟನ್ನು ಸಾರ್ವಜನಿಕ ಭಂಡಾರಕ್ಕೆ ಒಪ್ಪಿಸಲಿ. ಇಲ್ಲದವರು ಒಂದು ಕಟ್ಟಿನ ವರ್ಷದ ವೆಚ್ಚವನ್ನಾದರೂ ಕಾಣಿಕೆಯಾಗಿ ಸಲ್ಲಿಸಲಿ. ಮಹೋತ್ಸವದ ತೋರಣವು ಬಾಡಿದ ಮೇಲೂ ಈ ಸೇವೆಯು ಉಳಿಯುವದು.