ಕಡೂರು ಸೀಮೆಯ ಕರಿ ಕಂಬಳಿ

ಕಡೂರು, ತರೀಕೆರೆ, ಅಜ್ಜಂಪುರದ ಬಯಲಿನಲ್ಲಿ ಕುರಿಯಿದ್ದ ಕಡೆ ಕಂಬಳಿಯೂ ಇತ್ತು. ಹಾಲುಮತದ, ಅಂದರೆ ಕುರುಬರ ಮನೆಗಳಲ್ಲಿ ಹೆಂಗಸರು ಉಣ್ಣೆ ಹಿಂಜಿ ನೂಲು ತೆಗೆದರೆ, ಗಂಡಸರು ಗುಂಡಿಮಗ್ಗದಲ್ಲಿ ಕೂತು ನೇಯುತ್ತಿದ್ದರು. ಈ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ್ದು ಹುಣಸೆಬೀಜದ ಸರಿ. ಬೀಜ ಅರೆದು ಕುದಿಸಿದ ಆ ಅಂಟನ್ನು ಹಾಸಿನ ಎಳೆಗಳಿಗೆ ಬಳಿದು, ಬಯಲಲ್ಲಿ ಎಳೆದು ಕಟ್ಟಿ, ಕುಂಚದಿಂದ ಬಾಚಿ ಒಣಗಿಸುತ್ತಾರೆ. ಮೆತ್ತನೆಯ ಕೈನೂಲಿಗೆ ಮಗ್ಗದ ಜಗ್ಗಾಟ ತಡೆಯುವ ಕಸುವು ಬರುವುದೇ ಆಗ.

ಹೀಗೆ ಉಣ್ಣೆಯನ್ನು ಎಳೆದು ಒಣಗಿಸುವುದು ಮಗ್ಗದವರು ಮಾತ್ರವಲ್ಲ. ಮನೆಯಲ್ಲಿ ಕಡ್ಡಿ ಹಿಡಿದು ಉಣ್ಣೆಯ ದುಂಡನೆಯ ಜಾಲರಿ ಹೊದಿಕೆ ಹೆಣೆಯುವವರೂ ಕೊನೆಗೆ ಅದನ್ನು ನೆನೆಸಿ, ಸುತ್ತಲೂ ಎಳೆದು, ಗುಂಡುಸೂಜಿ ಚುಚ್ಚಿ ಒಣಗಿಸುತ್ತಾರೆ. ಮುದುಡಿದ್ದ ವಿನ್ಯಾಸ ಅರಳುತ್ತದೆ. ನೀರು ಹೊಕ್ಕಾಗ ಉಣ್ಣೆಯೊಳಗಿನ ಹಿಡಿತ ಸಡಿಲುತ್ತದೆ, ಒಣಗುವಾಗ ಹೊಸ ಆಕಾರದಲ್ಲಿ ಮತ್ತೆ ಬಿಗಿಯುತ್ತದೆ. ತನ್ನ ತೂಕದ ಸುಮಾರು ಶೇಕಡಾ 30ರಷ್ಟು ತೇವ ಹೀರಿಯೂ ಉಣ್ಣೆ ಒದ್ದೆಯೆನಿಸದು. ಜಿಟಿಜಿಟಿ ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದ ಕುರಿಗಾಹಿಗೆ ಇದು ಹೇಳಿಕೊಡಬೇಕಾದ ಸಂಗತಿಯಲ್ಲ.

ಗಿರಣಿಯ ಅಗ್ಗದ ರಗ್ಗು ಬಂದ ಮೇಲೆ ಮಗ್ಗಗಳು ಕಡಿಮೆಯಾದವು. ಆದರೂ ದೇವರ ಕಾರ್ಯದಲ್ಲಿ ಗದ್ದುಗೆಗೆ ಹಾಸಲು ಕರಿ ಕಂಬಳಿಯೇ ಬೇಕು. ಕೊಳ್ಳುವಾಗ ಕೈಮಗ್ಗದ್ದನ್ನೇ ಕೇಳಿ. ಬೆಲೆ ಹೆಚ್ಚೆನಿಸಿದರೂ ದಯವಿಟ್ಟು ಚೌಕಾಸಿ ಮಾಡಬೇಡಿ.