ಎಂಟು ಗಂಟೆಯ ಕುರ್ಚಿ

(ನಮ್ಮ ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ಕರಪತ್ರದಲ್ಲಿ ನನ್ನ ವಿಷಯವನ್ನು 'ಕುರ್ಚಿಯ ಆಯ್ಕೆ' ಎಂದಷ್ಟೇ ಅಚ್ಚು ಹಾಕಿಸಿದುದರಿಂದ, ಇದು ಸಂಘದ ಚುನಾವಣೆಗೆ ಸಂಬಂಧಿಸಿದ ಮಾತೆಂದು ಕೆಲವರು ತಿಳಿದಿರುವಂತೆ ಕಾಣುತ್ತದೆ. ಎಂದೂ ಕಾಣದ ಮುಖಗಳು ಇಂದು ಹಿಂದಿನ ಸಾಲಿನಲ್ಲಿ ಕಾಣುತ್ತಿವೆ. ಅವರು ಕ್ಷಮಿಸಬೇಕು. ನಾನು ಹೇಳಹೊರಟಿರುವುದು ಏರುವ ಕುರ್ಚಿಯ ಮಾತಲ್ಲ, ಕೂರುವ ಕುರ್ಚಿಯ ಮಾತು.

ನಾನು ವೈದ್ಯನಲ್ಲ, ಬಡಗಿಯೂ ಅಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿ ಹನ್ನೆರಡು ವರ್ಷವಾದ ಗುಮಾಸ್ತ. ಈ ವಿಷಯದಲ್ಲಿ ಮಾತನಾಡಲು ನನಗಿರುವ ಅರ್ಹತೆ ಒಂದೇ, ನನ್ನ ಸೊಂಟ.

ಎರಡು ವರ್ಷದ ಹಿಂದೆ, ಮಾರ್ಚಿಯ ಲೆಕ್ಕ ಮುಗಿಸಿದ ಮರುದಿನ ಬೆಳಿಗ್ಗೆ, ಮಗಳ ಚಪ್ಪಲಿಯನ್ನು ಎತ್ತಿಕೊಡಲು ಬಗ್ಗಿದವನು ಮತ್ತೆ ನೆಟ್ಟಗಾಗಲಿಲ್ಲ. ಸೊಂಟದಿಂದ ಎಡಗಾಲಿನ ಮೀನಖಂಡದವರೆಗೆ ಬೆಂಕಿಯ ಗೆರೆ ಎಳೆದಂತಾಯಿತು. ಹತ್ತೊಂಬತ್ತು ದಿನ ರಜೆಯಾಯಿತು. ಮಗಳಿಗೆ ಆಗ ನಾಲ್ಕು ವರ್ಷ. ಬಂದು ಮಂಚದ ಬಳಿ ಕೈಯೆತ್ತಿ ನಿಲ್ಲುವಳು, 'ಎತ್ತಿಕೋ' ಎನ್ನುವಳು, ನಾನು ಸೂರು ನೋಡುತ್ತ ಮಲಗಿರುವೆನು. ನಾಲ್ಕೈದು ದಿನವಾದ ಮೇಲೆ ಅವಳು ಕೈಯೆತ್ತುವುದನ್ನೇ ಬಿಟ್ಟಳು. ಬೇನೆಗಿಂತ ಅದು ಹೆಚ್ಚು ನೋಯಿಸಿತು.

ವೈದ್ಯರು ನಾನು ಭಾರ ಹೊತ್ತೆನೇ, ಬಿದ್ದೆನೇ ಎಂದು ಕೇಳಿದರು. ಇಲ್ಲವೆಂದೆ. 'ದಿನಕ್ಕೆ ಎಷ್ಟು ಹೊತ್ತು ಕೂರುತ್ತೀರಿ, ಎಂಥ ಕುರ್ಚಿಯ ಮೇಲೆ?' ಎಂದರು. ಎಂಟು ಗಂಟೆ ಎಂದೆನು. ಎಂಥ ಕುರ್ಚಿ ಎಂಬುದಕ್ಕೆ ಉತ್ತರ ತೋಚಲಿಲ್ಲ. ಬಣ್ಣ ಸಹ ನೆನಪಾಗಲಿಲ್ಲ. ನೋಟಿನ ದಾರ ಎಲ್ಲಿದೆಯೆಂದು ಕಣ್ಣು ಮುಚ್ಚಿ ಹೇಳಬಲ್ಲ ನಾನು, ವರ್ಷಗಟ್ಟಲೆ ಕುಳಿತ ಕುರ್ಚಿಯನ್ನು ಒಂದು ಸಲವೂ ನೋಡಿರಲಿಲ್ಲ.

ಆಮೇಲೆ ಹೋಗಿ ನೋಡಿದೆನು. ಅದು ಒಂದು ಕಾಲದಲ್ಲಿ ವ್ಯವಸ್ಥಾಪಕರ ಕೊಠಡಿಯಲ್ಲಿದ್ದ ಕುರ್ಚಿ. ಅಲ್ಲಿಗೆ ಹೊಸದು ಬಂದಾಗ ಅಧಿಕಾರಿಯೊಬ್ಬರಿಗೆ ಇಳಿಯಿತು. ಅವರಿಗೆ ಹೊಸದು ಬಂದಾಗ ನನಗೆ ಇಳಿಯಿತು. ಒಳಗಿನ ಫೋಮು ಹಪ್ಪಳವಾಗಿತ್ತು, ಎತ್ತರ ತಗ್ಗಿಸುವ ಹಿಡಿ ಮುರಿದಿತ್ತು, ಬೆನ್ನುಪಟ್ಟಿ ಒರಗಿದರೆ ಹಿಂದಕ್ಕೆ ಬೀಳುತ್ತಿತ್ತು. ಬಿದ್ದೇನೆಂಬ ಭಯದಿಂದ ನಾನು ಒರಗುವುದನ್ನೇ ಬಿಟ್ಟಿದ್ದೆನಂತೆ! ನಮ್ಮಲ್ಲಿ ಕುರ್ಚಿ ಪದವಿಯನ್ನು ನೋಡಿ ಬರುತ್ತದೆಯೇ ಹೊರತು ಬೆನ್ನನ್ನು ನೋಡಿ ಬರುವುದಿಲ್ಲ. ದಿನದಲ್ಲಿ ಅರ್ಧ ಹೊತ್ತು ಸಭೆಗಳಿಗೆ ಎದ್ದುಹೋಗುವವರಿಗೆ ಎತ್ತರದ ಬೆನ್ನಿನ ಕುರ್ಚಿ. ಊಟದ ಬಿಡುವು ಬಿಟ್ಟರೆ ಅಲುಗಾಡದವರಿಗೆ ಉಳಿದದ್ದು.

ಈ ಸಭೆಯಲ್ಲಿ ನನ್ನಂಥವರು ಕಡಿಮೆಯಿಲ್ಲ. ಕರಾವಳಿಯಿಂದ ಮುಂಬಯಿಗೆ ಬಂದ ನಮ್ಮವರಲ್ಲಿ ಅನೇಕರು ಹೋಟೆಲಿನ ಗಲ್ಲಾದಲ್ಲಿ ಕುಳಿತರು, ಇಲ್ಲವೆ ಬ್ಯಾಂಕಿನ ಕೌಂಟರಿನಲ್ಲಿ ಕುಳಿತರು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಎಂಬ ನಾಲ್ಕು ಬ್ಯಾಂಕುಗಳು 1906ರಿಂದ 1931ರೊಳಗೆ ಉಡುಪಿ, ಮಂಗಳೂರುಗಳಲ್ಲಿ ಹುಟ್ಟಿದುವು. 2019 ಮತ್ತು 2020ರ ವಿಲೀನಗಳಲ್ಲಿ ಕೆನರಾ ಒಂದನ್ನು ಬಿಟ್ಟು ಉಳಿದವುಗಳ ಹೆಸರು ಹೋಯಿತು. ಹೆಸರು ಹೋದರೂ ಕುಳಿತವರ ಸೊಂಟ ಇದ್ದಲ್ಲೇ ಇದೆ.

ಇದು ನಮ್ಮ ಕಾಲದ ಬೇನೆಯೆಂದು ತಿಳಿಯಬೇಡಿ. ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಜ್ಜಿನಿ ಎಂಬಾತನು ಕಸುಬುಗಳಿಂದ ಬರುವ ರೋಗಗಳ ಕುರಿತು 1700ರಲ್ಲಿ ಒಂದು ಗ್ರಂಥ ಬರೆದನು. 1713ರ ಮುದ್ರಣದಲ್ಲಿ ಲೆಕ್ಕ ಬರೆಯುವವರ ಸಂಕಟಗಳಿಗೆ ಅವನು ಮೂರು ಕಾರಣ ಕೊಟ್ಟಿದ್ದಾನೆ. ಸದಾ ಕುಳಿತಿರುವುದು ಒಂದು. ಕೈ ಎಡೆಬಿಡದೆ ಒಂದೇ ಬಗೆಯಾಗಿ ಆಡುವುದು ಎರಡು. ಕೂಡುವಲ್ಲಿ ಕಳೆಯುವಲ್ಲಿ ತಪ್ಪಿ ಧಣಿಗೆ ನಷ್ಟವಾದೀತೆಂಬ ಮನಸ್ಸಿನ ಬಿಗಿತ ಮೂರು. ಓದಿದಾಗ, ಈತನು ನಮ್ಮ ಶಾಖೆಗೆ ತಪಾಸಣೆಗೆ ಬಂದು ಹೋದವನಿರಬೇಕೆನಿಸಿತು.

ಕುಳಿತಾಗ ಒಳಗೆ ನಡೆಯುವುದೇನು? ನಿಂತಿರುವಾಗ ಸೊಂಟದ ಬಳಿ ಬೆನ್ನುಮೂಳೆ ಒಳಕ್ಕೆ ಬಾಗಿರುತ್ತದೆ. ಕುಳಿತೊಡನೆ ಕಟಿಯ ಎಲುಬು ಹಿಂದಕ್ಕೆ ಹೊರಳಿ ಆ ಬಾಗು ಚಪ್ಪಟೆಯಾಗುತ್ತದೆ. ಮುಂದಕ್ಕೆ ಬಗ್ಗಿ ಕುಳಿತರೆ ಬಾಗು ತಿರುಗುಮುರುಗಾಗಿ, ಮೂಳೆಗಳ ನಡುವಣ ಮೆತ್ತೆಗಳ ಮೇಲೆ ಒತ್ತಡ ಏರುತ್ತದೆ. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಎಂಬ ವೈದ್ಯನು ಬದುಕಿರುವ ಮನುಷ್ಯರ ಈ ಮೆತ್ತೆಗೇ ಸೂಜಿ ತೂರಿಸಿ ಒತ್ತಡ ಅಳೆದು, ನಿಲ್ಲುವುದಕ್ಕಿಂತ ಕೂರುವುದರಲ್ಲಿ ಅದು ಹೆಚ್ಚೆಂದನು. 1999ರಲ್ಲಿ ಜರ್ಮನಿಯಲ್ಲಿ ಒಬ್ಬ ಮನುಷ್ಯನ ಮೇಲೆ ಮಾಡಿದ ಅಳತೆ ಇದನ್ನು ಪೂರ್ತಿ ಒಪ್ಪಲಿಲ್ಲ. ಸಡಿಲವಾಗಿ ಕುಳಿತರೆ ನಿಂತುದಕ್ಕಿಂತ ಹೆಚ್ಚೇನಿಲ್ಲವೆಂದಿತು. ಆದರೆ ಮುಂದೆ ಬಗ್ಗಿದರೆ ಏರುತ್ತದೆ, ಹಿಂದೆ ಒರಗಿದರೆ ಇಳಿಯುತ್ತದೆ ಎಂಬಲ್ಲಿ ಎರಡೂ ಒಂದೇ. ಶಾಲೆಯಲ್ಲಿ ನಮ್ಮ ಮೇಷ್ಟ್ರು 'ನೆಟ್ಟಗೆ ಕೂರು' ಎಂದು ಬೆನ್ನಿಗೆ ಗುದ್ದುತ್ತಿದ್ದರು. ಕಂಬದಂತೆ ಕೂರುವುದಕ್ಕಿಂತ ತುಸು ಹಿಂದಕ್ಕೆ ಒರಗಿ ಕೂರುವುದೇ ಮೇಲೆಂದು ಈಗ ತಿಳಿದವರು ಹೇಳುತ್ತಾರೆ. ನೆಟ್ಟಗಿನ ಬೆನ್ನು 90 ಡಿಗ್ರಿಯಾದರೆ, ಒರಗು 100ರಿಂದ 110.

ನನ್ನ ಅಪ್ಪಯ್ಯ ಮೂವತ್ತು ವರ್ಷ ಗಲ್ಲಾದಲ್ಲಿ ಕುಳಿತವರು. ಅವರು ಒಂದು ಟವೆಲನ್ನು ಬಿಗಿಯಾಗಿ ಸುರುಳಿ ಸುತ್ತಿ ಸೊಂಟಕ್ಕೂ ಹಿಂದಿನ ಗೋಡೆಗೂ ನಡುವೆ ಸಿಕ್ಕಿಸಿಕೊಳ್ಳುತ್ತಿದ್ದರು. ನಾವು ಮಕ್ಕಳು ನಗುತ್ತಿದ್ದೆವು. ವೈದ್ಯರು ನನಗೆ ಮೊದಲು ಹೇಳಿದ ಉಪಾಯವೇ ಆ ಟವೆಲಿನ ಸುರುಳಿ! ಹಿರಿಯರಿಗೆ ಎಲ್ಲವೂ ಗೊತ್ತಿತ್ತೆಂದು ಹೇಳುವ ಚಟ ನನಗಿಲ್ಲ. ಅಪ್ಪಯ್ಯ ಅರುವತ್ತಕ್ಕೇ ಬಾಗಿ ನಡೆಯತೊಡಗಿದರು. ಅವರ ಕಾಲು ದಿನವಿಡೀ ಎತ್ತರದ ಸ್ಟೂಲಿನಿಂದ ಜೋಲುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ, ಅವರೂ ಗಮನಿಸಲಿಲ್ಲ.

ಆದುದರಿಂದ ಕುರ್ಚಿಯನ್ನು ಕಾಲಿನಿಂದ ಮೇಲಕ್ಕೆ ಆರಿಸಬೇಕು. ಅಂಗಡಿಯಲ್ಲಿ ನಾವೆಲ್ಲರೂ ಮೇಲಿನಿಂದ ಕೆಳಕ್ಕೆ ಆರಿಸುತ್ತೇವೆ. ತಲೆದಿಂಬು ಇದೆಯೇ, ಬೆನ್ನು ಎತ್ತರವಿದೆಯೇ, ಹೊದಿಕೆ ಹೊಳೆಯುತ್ತದೆಯೇ ಎಂದು. ಅದು ವ್ಯವಸ್ಥಾಪಕರ ಕುರ್ಚಿಯ ಮೇಲಿನ ಆಸೆ, ಬೇರೇನಲ್ಲ. ಮೊದಲು ನೋಡಬೇಕಾದುದು, ಪಾದ ಪೂರ್ತಿಯಾಗಿ ನೆಲಕ್ಕೆ ತಾಗುತ್ತದೆಯೇ ಎಂಬುದು. ಇದಕ್ಕೊಂದು ಸುಲಭ ಲೆಕ್ಕವುಂಟು. ಮೊಣಕಾಲಿನ ಹಿಂಭಾಗ ನೆಲದಿಂದ ಇರುವ ಎತ್ತರ, ನಮ್ಮ ಒಟ್ಟು ಎತ್ತರದ ಸುಮಾರು ಕಾಲು ಭಾಗ. ಕಾಲಿಗೆ ಕಾಲೆಂದು ಹೆಸರಿಟ್ಟವನು ಅಳೆದೇ ಇಟ್ಟನೋ ಏನೋ! ಐದೂವರೆ ಅಡಿಯವನಿಗೆ ಹದಿನಾರೂವರೆ ಅಂಗುಲ, ಐದಡಿಯವರಿಗೆ ಹದಿನೈದು. ಪಾದರಕ್ಷೆಗೆ ಒಂದು ಅಂಗುಲ ಕೂಡಿಸಿಕೊಳ್ಳಿ. ಎತ್ತರ ಬದಲಿಸಲಾಗದ ಸಾಮಾನ್ಯ ಕುರ್ಚಿ ಹದಿನೇಳು ಹದಿನೆಂಟು ಅಂಗುಲವಿರುತ್ತದೆ. ನಮ್ಮ ಮನೆಯ ಹೆಂಗಸರಲ್ಲಿ ಎಷ್ಟು ಮಂದಿಗೆ ಅದು ಎತ್ತರವಾದೀತು, ನೀವೇ ಲೆಕ್ಕ ಹಾಕಿ.

ಎರಡನೆಯದು ಆಸನದ ಉದ್ದ. ಹಿಂದಕ್ಕೆ ಸರಿದು ಬೆನ್ನು ತಾಗಿಸಿ ಕುಳಿತಾಗ, ಆಸನದ ಮುಂದಿನ ಅಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಮೂರು ಬೆರಳು ತೂರಬೇಕು. ತೂರದಿದ್ದರೆ ಅಂಚು ಕಾಲನ್ನು ಒತ್ತುತ್ತದೆ. ಅದನ್ನು ತಪ್ಪಿಸಲು ಮುಂದಕ್ಕೆ ಸರಿದರೆ ಬೆನ್ನಿನ ಆಸರೆ ಹೋಗುತ್ತದೆ. ದೊಡ್ಡ ಕುರ್ಚಿ ಕೊಂಡು ಪಶ್ಚಾತ್ತಾಪಪಟ್ಟ ಗಿಡ್ಡ ಜನರು ಬಹಳ ಮಂದಿ. ಮೂರನೆಯದು ಸೊಂಟದ ಆಸರೆ. ಅದು ನಡುಪಟ್ಟಿ ಕಟ್ಟುವ ಎತ್ತರದಲ್ಲಿ ಇರಬೇಕು, ಮೇಲೆ ಕೆಳಗೆ ಸರಿಸುವಂತಿದ್ದರೆ ಉತ್ತಮ. ಕೈಯಾಸರೆಯನ್ನು ಜನರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಎತ್ತರವಾದರೆ ಹೆಗಲು ಕಿವಿಗೆ ಏರುತ್ತದೆ, ಮೇಜಿನ ಕೆಳಗೆ ಹೋಗದಿದ್ದರೆ ನಾವು ಮೇಜಿನಿಂದ ದೂರವುಳಿದು ಬಗ್ಗುತ್ತೇವೆ. ಹೊಂದದ ಕೈಯಾಸರೆಗಿಂತ ಕೈಯಾಸರೆಯಿಲ್ಲದಿರುವುದೇ ಲೇಸು.

ಹೊದಿಕೆಯ ವಿಷಯ. ಮುಂಬಯಿಯ ಸೆಕೆಗೆ ಚರ್ಮದಂಥ ರೆಕ್ಸಿನ್ ಹೊದಿಕೆ ಶತ್ರು. ಬಲೆಯಂಥ ಹೆಣಿಗೆಯ ಕುರ್ಚಿಗಳು ಈಗ ಎಲ್ಲೆಲ್ಲೂ ಇವೆ. ಅವುಗಳಲ್ಲಿ ಹೆಸರುವಾಸಿಯಾದ ಏರಾನ್ ಎಂಬುದು ಅಮೆರಿಕದಲ್ಲಿ 1994ರಲ್ಲಿ ಹೊರಬಂದಿತು. ಆದರೆ ಗಾಳಿಯಾಡುವ ಬೆತ್ತದ ಹೆಣಿಗೆಯ ಕುರ್ಚಿಗಳು ನಮ್ಮ ಕಚೇರಿಗಳಲ್ಲಿ ಅದಕ್ಕೂ ಎಷ್ಟೋ ಮೊದಲೇ ಇದ್ದುವು. ಚಕ್ರವಾದರೂ ಹೊಸತಲ್ಲ, ಚಾರ್ಲ್ಸ್ ಡಾರ್ವಿನ್ ತನ್ನ ಅಧ್ಯಯನದ ಕುರ್ಚಿಗೆ ಚಕ್ರ ಹಾಕಿಸಿಕೊಂಡಿದ್ದನು. ತಿರುಗುವ ಕುರ್ಚಿಗೆ ಬುಡದಲ್ಲಿ ಐದು ಕಾಲಿರಲಿ. ನಾಲ್ಕು ಕಾಲಿನದು ಬಗ್ಗಿದಾಗ ಮಗುಚೀತು.

2020ರಲ್ಲಿ ಮನೆಯೇ ಕಚೇರಿಯಾದ ಮೇಲೆ ಊಟದ ಮೇಜಿನ ಕುರ್ಚಿಯಲ್ಲಿ ದಿನಗಟ್ಟಲೆ ಕುಳಿತ ತರುಣರು ಇಲ್ಲಿದ್ದೀರಿ. ಮಂಚದ ಮೇಲೆ ಲ್ಯಾಪ್‌ಟಾಪು ಇಟ್ಟು ಕೆಲಸ ಮಾಡುವವರನ್ನೂ ಬಲ್ಲೆನು. ನಿಮಗೆ ಹೇಳುವುದಿಷ್ಟೆ: ನಾಲ್ಕು ಪುಸ್ತಕ ಜೋಡಿಸಿ ಲ್ಯಾಪ್‌ಟಾಪನ್ನು ಕಣ್ಣಿನ ಮಟ್ಟಕ್ಕೆ ಏರಿಸಿ, ಬೇರೆ ಕೀಲಿಮಣೆ ಇಟ್ಟುಕೊಳ್ಳಿ. ಮತ್ತು ಎಂಥ ಕುರ್ಚಿಯಾದರೂ ಅರ್ಧ ಗಂಟೆಗೊಮ್ಮೆ ಎದ್ದು ಒಂದು ಲೋಟ ನೀರು ತನ್ನಿ.

ನಾನು ಹೊಸ ಕುರ್ಚಿಗೆ ಅರ್ಜಿ ಕೊಟ್ಟೆನು. 'ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ' ಎಂಬ ಉತ್ತರ ಬಂದಿತು. ಎಲ್ಲರಿಗೂ ಸೊಂಟವಿರುವುದರಿಂದ ಅದು ಸಹಜವಲ್ಲವೇ ಎಂದು ಬಾಯಿಗೆ ಬಂದುದನ್ನು ನುಂಗಿಕೊಂಡೆನು. ಭಾನುವಾರ ಉಲ್ಲಾಸನಗರದ ಫರ್ನಿಚರ್ ಬಜಾರಿಗೆ ಹೋಗಿ, ಟೇಪು ಹಿಡಿದು ಅಳೆಯುತ್ತ ಮೂರು ಗಂಟೆ ಕಳೆದು, ಒಂದೊಂದರಲ್ಲೂ ಹತ್ತು ನಿಮಿಷ ಕುಳಿತೆನು. ಅಂಗಡಿಯವನು ಎರಡು ಸಲ ಗೊಣಗಿದನು. ಆದರೆ ಕೂಡಲೇ ಮೆತ್ತಗೆನಿಸಿದ ಒಂದು ಕುರ್ಚಿ ಹತ್ತೇ ನಿಮಿಷದಲ್ಲಿ ಅಡಿಯ ಹಲಗೆಯನ್ನು ತಾಗಿಸಿತು. ಇನ್ನೊಂದು ಕುಳಿತಿದ್ದಂತೆಯೇ ಮೆಲ್ಲಗೆ ಇಳಿಯತೊಡಗಿತು. ಕೊನೆಗೆ ಬಳಸಿದ ಕುರ್ಚಿಯೊಂದನ್ನು 4,200 ರೂಪಾಯಿಗೆ ಕೊಂಡೆನು. ಸ್ವಂತ ಕುರ್ಚಿಯನ್ನು ಶಾಖೆಯೊಳಗೆ ತರಲು ನಿಯಮವಿದೆಯೇ ಎಂಬುದರ ಮೇಲೆ ಎರಡು ವಾರ ಪತ್ರವ್ಯವಹಾರ ನಡೆಯಿತು. ಕಳೆದುಹೋದರೆ ಯಾರೂ ಹೊಣೆಯಲ್ಲವೆಂದು ಬರೆದುಕೊಟ್ಟ ಮೇಲೆ ಅದು ಒಳಗೆ ಬಂದಿತು.

ಬಂದ ಮೇಲೆ ತಿಳಿದುದು, ಮೇಜು ಎತ್ತರವೆಂದು! ಕಚೇರಿಯ ಮೇಜು ಸಾಮಾನ್ಯವಾಗಿ ಇಪ್ಪತ್ತೊಂಬತ್ತು ಮೂವತ್ತು ಅಂಗುಲ. ಮೊಣಕೈ ಅದಕ್ಕೆ ಹೊಂದುವಂತೆ ಕುರ್ಚಿ ಏರಿಸಿದರೆ ಕಾಲು ನೆಲ ಬಿಡುತ್ತದೆ. ಮನೆಯಲ್ಲಿ ಇದನ್ನು ಹೇಳಿಕೊಂಡಾಗ ಅಮ್ಮ ಮಂಚದ ಕೆಳಗಿನಿಂದ ಊಟದ ಮಣೆಯೊಂದನ್ನು ಎಳೆದು, 'ಇದನ್ನು ಕಾಲಡಿಗೆ ಇಟ್ಟುಕೋ' ಎಂದರು. ಊರಿನಿಂದ ತಂದ ಹಲಸಿನ ಮರದ ಎರಡು ಮಣೆ. ಈ ಮನೆಯಲ್ಲಿ ನೆಲದ ಮೇಲೆ ಉಣ್ಣಲು ಜಾಗವಿಲ್ಲದೆ ಬಿದ್ದಿದ್ದುವು. ಕುಳಿತು ಉಂಡ ಮಣೆಗೆ ಕಾಲು ಇಡಲು ಮನಸ್ಸು ಅಳುಕಿತು. ಅಮ್ಮನಿಗೆ ಆ ಅಳುಕು ಇರಲಿಲ್ಲ.

ಮೂರು ಅಂಗುಲದ ಆ ಮಣೆಯನ್ನು ಕಂಡು ಪಕ್ಕದ ಕೌಂಟರಿನ ಮರಾಠಿ ಸೋದರಿ ನಕ್ಕರು; ಮರುದಿನ ಅದನ್ನು ಒಂದು ಗಂಟೆಗೆ ಎರವಲು ಕೇಳಿದರು. ಆಗ ನೋಡಿದೆನು, ಅವರ ಎತ್ತರ ಐದಡಿಯೂ ಇಲ್ಲ. ಏಳು ವರ್ಷದಿಂದ ಅವರ ಕಾಲೂ ಅಪ್ಪಯ್ಯನ ಕಾಲಿನಂತೆಯೇ ಜೋಲುತ್ತಿತ್ತು, ಮಗ್ಗುಲಲ್ಲೇ ಕುಳಿತ ನಾನು ಕಂಡಿರಲಿಲ್ಲ. ಎರಡನೆಯ ಮಣೆಯನ್ನು ಅವರಿಗೆ ಒಯ್ದುಕೊಟ್ಟೆನು. ಈ ಸಲ ಇಬ್ಬರೂ ಸೇರಿ ಅರ್ಜಿ ಕೊಟ್ಟಿದ್ದೇವೆ, ಹನ್ನೊಂದು ಮಂದಿಯ ಸಹಿಯೊಡನೆ, ಪ್ರತಿಯೊಬ್ಬರ ಮೊಣಕಾಲಿನ ಅಳತೆಯನ್ನೂ ಅಂಗುಲದಲ್ಲಿ ಬರೆದು. ಉತ್ತರ ಬರಬೇಕಾಗಿದೆ.

ಈಚೆಗೆ ಹಬ್ಬದ ದಿನ ಪುರೋಹಿತರನ್ನು ಕೂರಿಸಲು ಅಮ್ಮ ಮಂಚದ ಕೆಳಗೆ ತಡಕಾಡಿ, 'ಮಣೆ ಎಲ್ಲಿ ಹೋಯಿತೋ?' ಎಂದರು. ಎರಡೂ ಬ್ಯಾಂಕಿನಲ್ಲಿವೆ ಎಂದೆನು. 'ಬಡ್ಡಿಯಾದರೂ ಬರುತ್ತದೆಯೋ?' ಎಂದು ಕೇಳಿದರು. ಮಗಳು ಅಷ್ಟರಲ್ಲಿ ಬಂದು ಕೈಯೆತ್ತಿ ನಿಂತಳು. ಮೊಣಕಾಲು ಮಡಿಸಿ ಕೆಳಗೆ ಕುಳಿತು, ವೈದ್ಯರು ಕಲಿಸಿದಂತೆ, ಎತ್ತಿಕೊಂಡೆನು.